ಚಿನ್ನಕ್ಕಲ್ಲ, ನೀರಿಗೆ ಅಂಕ

ಏಪ್ರಿಲ್ ತಿಂಗಳ ಭಾನುವಾರ ಮಧ್ಯಾಹ್ನ ವಿಜಯಪುರದ ರಸ್ತೆಗಳು ಬಿಕೋ ಎನ್ನುತ್ತವೆ. ಗೋಲಗುಂಬಜ ನೋಡಲು ಬಂದವರೂ ಮರದ ನೆರಳು ಹಿಡಿದು ಕೂತಿರುತ್ತಾರೆ. ಅಂಥ ಹೊತ್ತಿನಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ಐದು ಮಂದಿ ಹುಡುಗ ಹುಡುಗಿಯರು ಫ್ಯಾನಿನ ಕೆಳಗೆ ಸುತ್ತುಗಟ್ಟಿ ಕೂತಿದ್ದಾರೆ ಎಂದುಕೊಳ್ಳಿ. ಟಿಕೋಟಾದಿಂದ ಬಸ್ಸು ಹಿಡಿದು ಬಂದವಳ ಚೀಲದಲ್ಲಿ ಮನೆಯ ಒಣದ್ರಾಕ್ಷಿ ಇದೆ. ಬಬಲೇಶ್ವರದವನ ಕೈಯಲ್ಲಿ ಪೆನ್ಸಿಲು, ಮುಂದೊಂದು ಹಾಳೆ. ನಡುವೆ ಬಣ್ಣಬಣ್ಣದ ದಾಳಗಳು.

“ನಾ ಸುರಂಗದಾಗ ಇಳೀತೀನಿ.”

“ದೀಪಾ ಐತೇನು ನಿನ್ನ ಹಂತ್ಯಾಕ?”

“ಇಲ್ಲ.”

“ಹಂಗಾರ ದಾಳಾ ಒಗಿ.”

ಇಪ್ಪತ್ತು ಮುಖದ ದಾಳ ಉರುಳಿ ಏಳಕ್ಕೆ ನಿಲ್ಲುತ್ತದೆ. ಹನ್ನೆರಡು ಬೇಕಿತ್ತು. ಇಳಿಯುತ್ತಿದ್ದವನು ಕಾಲು ಜಾರಿ ಬಿದ್ದ. ಪುಸ್ತಕದ ಪ್ರಕಾರ ಹತ್ತು ಅಡಿ ಎತ್ತರಕ್ಕೆ ಆರು ಮುಖದ ಒಂದು ದಾಳದಷ್ಟು ಪೆಟ್ಟು. ಆದರೆ ಕೆಳಗೆ ಎದೆಮಟ್ಟ ನೀರಿದ್ದರೆ? ನೀರೇ ಇಲ್ಲದೆ ಬರೀ ಹೂಳಿದ್ದರೆ? ಆಟ ನಿಲ್ಲುತ್ತದೆ, ಐವರೂ ಮಾತಿಗಿಳಿಯುತ್ತಾರೆ. ಹೂಳಿನ ಮೇಲೆ ಬಿದ್ದರೆ ಪೆಟ್ಟು ಅರ್ಧ, ಮೇಲೇಳಲು ಎರಡು ಸರದಿ ಎಂದು ತೀರ್ಮಾನವಾಗುತ್ತದೆ. ಪೆನ್ಸಿಲು ಹಿಡಿದವನು ಅದನ್ನು ಬರೆದಿಟ್ಟುಕೊಳ್ಳುತ್ತಾನೆ. ಹೀಗೆ ಆಡುವವರೇ ಕೂಡಿ ಮಾಡಿಕೊಂಡ ಕಟ್ಟಳೆಗೆ ಮನೆ ನಿಯಮ ಎನ್ನುತ್ತಾರೆ.

ಸಾರಥಿ ಕೇಳುತ್ತಾನೆ, ದಾಳ ಹೇಳುತ್ತದೆ

2016ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಮಕ್ಕಳು ನೆಲಮಾಳಿಗೆಯಲ್ಲಿ ಕೂತು ಆಡುವ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಇದೇ ಜಾತಿಯ ಆಟ. ಹೆಸರು ಬಹಳ ಜನಕ್ಕೆ ಗೊತ್ತು, ಆಡುವ ಬಗೆ ಅಷ್ಟಾಗಿ ಗೊತ್ತಿಲ್ಲ.

ಇದರಲ್ಲಿ ಗೆದ್ದವರು, ಸೋತವರು ಅಂತಿಲ್ಲ. ಒಬ್ಬರು ಆಡಿಸುವವರು, ಗೇಮ್ ಮಾಸ್ಟರ್ ಅಂತ ಕರೆಯುತ್ತಾರೆ. ಊರು, ದಾರಿ, ಶತ್ರು, ಮಳೆ, ಬಿಸಿಲು ಎಲ್ಲವೂ ಅವರ ಬಾಯಲ್ಲಿ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಆಡಿಸುವವರು ಸನ್ನಿವೇಶ ಹೇಳಿ ‘ಈಗೇನು ಮಾಡ್ತೀರಿ?’ ಎಂದು ಕೇಳುತ್ತಾರೆ, ಆಡುವವರು ಉತ್ತರಿಸುತ್ತಾರೆ. ಸುಲಭದ ಕೆಲಸವಾದರೆ ಆಯಿತು ಎಂದು ಮುಂದೆ ಸಾಗುವುದು. ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದಲ್ಲಿ ಮಾತ್ರ ದಾಳ. ಬಿದ್ದ ಸಂಖ್ಯೆಗೆ ಪಾತ್ರದ ಕಸುವಿನ ಅಂಕ ಕೂಡಿಸಿ, ಮೊದಲೇ ಗೊತ್ತುಮಾಡಿದ ಸಂಖ್ಯೆ ಮುಟ್ಟಿದರೆ ಕೆಲಸ ಕೈಗೂಡಿತು.

ರಾತ್ರಿಯೆಲ್ಲ ದೊಡ್ಡಾಟ ನೋಡಿ ಬೆಳೆದವರಿಗೆ ಇದರ ಅರ್ಧ ಪರಿಚಿತವೇ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ನೀವು ಯಾರು, ಯಾವ ಊರಿನವರು ಎಂದು ಕೇಳಿ ಬಾಯಿ ಬಿಡಿಸುತ್ತಾನೆ. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ಅದೇ ಕೆಲಸ ಮಾಡುತ್ತಾನೆ. ಇನ್ನೂ ಹತ್ತಿರದ್ದು ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಲೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕಲಾವಿದರು ಎದುರುಬದುರು ಕೂತು ಕೃಷ್ಣನಾಗಿಯೋ ಕೌರವನಾಗಿಯೋ ಅಲ್ಲಲ್ಲೇ ಮಾತು ಕಟ್ಟುತ್ತಾರೆ. ಒಂದು ಕಡೆ ಮಾತ್ರ ದಾರಿ ಬೇರೆಯಾಗುತ್ತದೆ. ಕೌರವ ಎಷ್ಟೇ ಚೆಂದ ವಾದಿಸಿದರೂ ಪ್ರಸಂಗದ ಕೊನೆ ಬದಲಾಗದು. ಮೇಜಿನ ಆಟದಲ್ಲಿ ಕೊನೆ ಯಾರಿಗೂ, ಆಡಿಸುವವರಿಗೂ, ಗೊತ್ತಿರುವುದಿಲ್ಲ.

ಹುಟ್ಟಿದ್ದೇ ಮನೆ ನಿಯಮದಿಂದ

ಪುಸ್ತಕದ ನಿಯಮ ಮುಟ್ಟಿದರೆ ಆಟ ಕೆಟ್ಟೀತು ಎಂದು ಹೊಸಬರು ಹೆದರುತ್ತಾರೆ. ಈ ಆಟದ ಚರಿತ್ರೆ ನೋಡಿದರೆ ಆ ಹೆದರಿಕೆಗೆ ಕಾರಣವೇ ಇಲ್ಲ.

1960ರ ದಶಕದ ಅಮೆರಿಕದಲ್ಲಿ ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ಸಾಲು ನಿಲ್ಲಿಸಿ ಹಳೆಯ ಯುದ್ಧಗಳನ್ನು ಮತ್ತೆ ಆಡುವ ಹವ್ಯಾಸಿಗಳಿದ್ದರು. ಮಿನೆಸೋಟಾದ ಡೇವಿಡ್ ವೆಸ್ಲಿ 1969ರಲ್ಲಿ ಇಡೀ ಸೈನ್ಯದ ಬದಲು ಪ್ರತಿಯೊಬ್ಬ ಆಟಗಾರನಿಗೂ ಒಂದೊಂದು ವ್ಯಕ್ತಿಯ ಪಾತ್ರ ಕೊಟ್ಟು ‘ಬ್ರೌನ್‌ಸ್ಟೈನ್’ ಎಂಬ ಆಟ ಆಡಿಸಿದ. ಅವನ ಮೇಜಿನಲ್ಲಿ ಆಡುತ್ತಿದ್ದ ಡೇವ್ ಆರ್ನೆಸನ್ ಅದೇ ಜಾಡು ಹಿಡಿದು ‘ಬ್ಲ್ಯಾಕ್‌ಮೂರ್’ ಎಂಬ ಮಾಯಾಲೋಕ ಕಟ್ಟಿದ. ಕೋಟೆ, ಅದರಡಿಯ ನೆಲಮಾಳಿಗೆ, ಅಲ್ಲಿನ ರಾಕ್ಷಸರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದಿದ್ದ ‘ಚೈನ್‌ಮೇಲ್’ ಯುದ್ಧನಿಯಮಗಳನ್ನೂ ಆರ್ನೆಸನ್ ಬಳಸಿದ. ಹೊಂದದ ಕಡೆಯಲ್ಲೆಲ್ಲ ತನ್ನದನ್ನು ಸೇರಿಸಿದ.

ಆ ಸೇರ್ಪಡೆಗಳಲ್ಲಿ ಒಂದು ಇಂದಿನ ಬಹುಪಾಲು ವಿಡಿಯೊ ಗೇಮುಗಳ ಜೀವಾಳವಾಗಿದೆ. ಒಂದೇ ಏಟಿಗೆ ತಮ್ಮ ಪಾತ್ರ ಸಾಯುವುದು ಆಟಗಾರರಿಗೆ ಹಿಡಿಸಲಿಲ್ಲ. ಉಕ್ಕಿನ ಹಡಗು ಎಷ್ಟು ಗುಂಡು ತಿಂದು ಮುಳುಗುತ್ತದೆ ಎಂಬ ಲೆಕ್ಕ ನೌಕಾಯುದ್ಧದ ಆಟಗಳಲ್ಲಿತ್ತು. ಆರ್ನೆಸನ್ ಅದನ್ನು ತಂದು ಮನುಷ್ಯರಿಗೆ ಹಚ್ಚಿದ. ಮೊಬೈಲಿನಲ್ಲಿ ಆಡುವ ಮಗು ಪರದೆಯ ಮೂಲೆಯಲ್ಲಿ ನೋಡುವ ಆಯಸ್ಸಿನ ಪಟ್ಟಿ ಬಂದದ್ದು ಈ ದಾರಿಯಿಂದ.

1972ರ ಕೊನೆಯಲ್ಲಿ ಆರ್ನೆಸನ್ ಈ ಆಟವನ್ನು ಗೈಗ್ಯಾಕ್ಸ್‌ಗೆ ಆಡಿ ತೋರಿಸಿದ. 1974ರಲ್ಲಿ ಇಬ್ಬರ ಹೆಸರಿನಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಹೊರಬಂತು. ಮೊದಲ ಮುದ್ರಣ 1,000 ಪ್ರತಿ. ಅಂದರೆ ಒಂದು ಊರಿನ ಗೆಳೆಯರ ಮನೆ ನಿಯಮಗಳೇ ಅಚ್ಚಾಗಿ ಪುಸ್ತಕವಾದವು. ಆಮೇಲೂ ಇದು ನಿಲ್ಲಲಿಲ್ಲ. ದಾಳದಲ್ಲಿ 20 ಬಿದ್ದರೆ ಎರಡುಪಟ್ಟು ಪೆಟ್ಟು ಎಂಬ ನಿಯಮವನ್ನು ಗೈಗ್ಯಾಕ್ಸ್ ಒಪ್ಪಿರಲಿಲ್ಲ. ಮನೆಮನೆಗಳಲ್ಲಿ ಅದು ಬಳಕೆಯಲ್ಲಿತ್ತು. 2000ದ ಮೂರನೆಯ ಆವೃತ್ತಿ ಅಂಥ ನಿಯಮವನ್ನು ಪುಸ್ತಕಕ್ಕೇ ಸೇರಿಸಿಕೊಂಡಿತು. ಕದನದ ನಡುವೆ ಮದ್ದು ಕುಡಿಯಲು ಇಡೀ ಸರದಿ ಕಳೆಯಬೇಕಿಲ್ಲ ಎಂದು ಆಟಗಾರರು ಮಾಡಿಕೊಂಡಿದ್ದ ಸಡಿಲಿಕೆ 2024ರ ಪರಿಷ್ಕರಣೆಯಲ್ಲಿ ಅಧಿಕೃತವಾಯಿತು.

ಕವಡೆ ಬಲ್ಲ ಮನೆಗಳು

ನಮ್ಮಲ್ಲಿ ಚೌಕಾಬಾರಾ ಆಡಿದ ಯಾವ ಅಜ್ಜಿಗೂ ಮನೆ ನಿಯಮ ಹೊಸತಲ್ಲ. ಎದುರಾಳಿಯ ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಒಂದು ಮನೆಯ ಕಟ್ಟು, ಹೊಡೆಯದೆಯೂ ಹೋಗಬಹುದು ಎಂಬುದು ಪಕ್ಕದ ಮನೆಯದು. ಸಾಲಾಗಿ ಮೂರು ಸಲ ಚೌಕಾ ಅಥವಾ ಬಾರಾ ಬಿದ್ದರೆ ಮೂರೂ ವ್ಯರ್ಥ ಎನ್ನುವವರಿದ್ದಾರೆ, ಮೂರನ್ನೂ ನಡೆಸು ಎನ್ನುವವರೂ ಇದ್ದಾರೆ. ಸೊಸೆ ತವರಿನ ಕಟ್ಟು ತರುತ್ತಾಳೆ, ಅತ್ತೆ ತನ್ನದನ್ನು ಬಿಡುವುದಿಲ್ಲ. ಅದಕ್ಕೇ ಕವಡೆ ಕೈಗೆತ್ತಿಕೊಳ್ಳುವ ಮೊದಲೇ ‘ಹೊಡೆದು ಹೋಗೋದೋ, ಹೊಡೀದೆ ಹೋಗೋದೋ’ ಎಂದು ಇತ್ಯರ್ಥ ಮಾಡಿಕೊಳ್ಳುವ ರೂಢಿ ಬೆಳೆದದ್ದು.

ಇದೇ ಹುಚ್ಚನ್ನು ಅರಮನೆಯಲ್ಲಿ ಕೂತು ಮಾಡಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಂಬ ಎಲೆಯಾಟದ ಹದಿಮೂರು ಬಗೆಗಳಿವೆ; ಕೆಲವಕ್ಕೆ 18 ಬಣಗಳು, 360 ಎಲೆಗಳವರೆಗೂ ಬೇಕು. ಇದ್ದ ಆಟ ಸಾಲದೆನಿಸಿದಾಗ ಒಬ್ಬ ದೊರೆ ಎಷ್ಟು ದೂರ ಹೋಗಬಲ್ಲ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಕನ್ನಡ ನಾಡಿನಲ್ಲಿ ನನಗೆ ಕಾಣದು.

ಅಂಕ ಎಲ್ಲಿದೆಯೋ ಕತೆ ಅಲ್ಲಿಗೆ

ವಿಜಯಪುರದ ಮೇಜಿಗೆ ಬರೋಣ. ಇಲ್ಲಿ ಆಡುವವರು ಸಾಮಾನ್ಯವಾಗಿ ಮೊದಲು ಹೆಸರುಗಳನ್ನು ಬದಲಾಯಿಸುತ್ತಾರೆ. ಯುರೋಪಿನ ಕೋಟೆ ಹೋಗಿ ಅರಕಿಲ್ಲೆ ಬರುತ್ತದೆ, ಡ್ರ್ಯಾಗನ್ ಹೋಗಿ ಬೇತಾಳ ಬರುತ್ತದೆ. ಎರಡು ವಾರ ಆಡಿದ ಮೇಲೂ ಕತೆ ಮಾತ್ರ ಹಳೆಯದೇ ಆಗಿರುತ್ತದೆ: ನೆಲಮಾಳಿಗೆಗೆ ನುಗ್ಗು, ಎದುರಾದವರನ್ನು ಹೊಡಿ, ನಿಧಿ ಬಾಚು.

ಕಾರಣ ಅಂಕದಲ್ಲಿದೆ. 1974ರ ಪುಸ್ತಕದಲ್ಲಿ ಪಾತ್ರ ಬಲಿಯುವುದಕ್ಕೆ ಮುಖ್ಯ ದಾರಿ ನಿಧಿ. ಹೊರತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವದ ಅಂಕ. ಹಾಗಾಗಿ ಆಗಿನ ಆಟಗಾರರು ಕಾದಾಟ ತಪ್ಪಿಸಿ ಚಿನ್ನ ಕದಿಯುವ ಉಪಾಯ ಹುಡುಕುತ್ತಿದ್ದರು. ಮುಂದಿನ ಆವೃತ್ತಿಗಳಲ್ಲಿ ಅಂಕದ ತೂಕ ಶತ್ರುಗಳನ್ನು ಸೋಲಿಸುವುದರ ಕಡೆ ವಾಲಿತು, ಆಟವೂ ಕಾದಾಟದ ಕಡೆ ವಾಲಿತು. ಮೇಜಿನ ಸುತ್ತ ಕೂತವರು ಯಾವುದಕ್ಕೆ ಅಂಕ ಸಿಗುತ್ತದೋ ಅದನ್ನೇ ಮಾಡುತ್ತಾರೆ. ಊರಿನ ಹೆಸರು, ರಾಕ್ಷಸನ ಹೆಸರು ಬದಲಿಸಿ ಅಂಕದ ನಿಯಮವನ್ನು ಹಾಗೇ ಬಿಟ್ಟರೆ ವಿಜಯಪುರ ಬರೀ ಪರದೆಯಾಗಿ ಹಿಂದೆ ತೂಗುತ್ತದೆ.

ಈ ನೆಲದ ಕತೆ ಯಾವುದು? ನನ್ನನ್ನು ಕೇಳಿದರೆ ನೀರು. 1490ರಿಂದ 1686ರವರೆಗೆ ಆಳಿದ ಆದಿಲ್‌ಶಾಹಿಗಳ ಇಡೀ ನಗರ ನಿಂತದ್ದು ಮಳೆ ಕಡಿಮೆ ಬೀಳುವ ಕಲ್ಲುನೆಲದ ಮೇಲೆ. ಎತ್ತರದ ಕಡೆ ತಾಯಿಬಾವಿ ತೋಡಿ, ಅಲ್ಲಿಂದ ನಸುಇಳಿಜಾರಿನ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಗೂ ಹೂಳೆತ್ತಲಿಕ್ಕೂ ಮೇಲಿನಿಂದ ಬಾವಿಗಂಡಿ ಇಟ್ಟು, ಯಾವ ಯಂತ್ರವೂ ಇಲ್ಲದೆ ನೀರನ್ನು ಊರಿಗೆ ಹರಿಸಿದರು. ಇದೇ ಕರೇಜ್; ಊರವರ ಬಾಯಲ್ಲಿ ಸುರಂಗ ಬಾವಡಿ. 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ದಖನ್ನಿನ ಈ ಹಳೆಯ ಜಲವ್ಯವಸ್ಥೆ ಸೇರಿತ್ತು. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್, ಕೊಳವೆಯಲ್ಲಿ ನೀರಿನ ಒತ್ತಡ ತಗ್ಗಿಸಿ ಹೂಳು ತಳಕ್ಕಿಳಿಸಲು ದಾರಿಯುದ್ದಕ್ಕೂ ಕಟ್ಟಿದ ಗಂಜ್ ಎಂಬ ಗೋಪುರಗಳು – ಒಂದು ಸಾಹಸದ ಆಟಕ್ಕೆ ಇದಕ್ಕಿಂತ ಒಳ್ಳೆಯ ನಕಾಶೆ ಯಾರು ಬರೆದುಕೊಡುತ್ತಾರೆ?

ಟಿಕೋಟಾ ದಾರಿಯಲ್ಲಿ ತೊರವಿ ಸಿಗುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು, ನರಸಿಂಹನ ಕ್ಷೇತ್ರ. ಅಲ್ಲೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಎಂಬ ಹೊಸ ನಗರ ಕಟ್ಟಿಸಲು ಹೊರಟ. ಅದು ಪೂರ್ತಿಯಾಗುವ ಮೊದಲೇ, 1624ರಲ್ಲಿ, ಮಲಿಕ್ ಅಂಬರನ ದಾಳಿಗೆ ಸಿಕ್ಕಿ ಹಾಳಾಯಿತು. ಸಂಗೀತ ಮಹಲಿನ ಅವಶೇಷ ಈಗಲೂ ನಿಂತಿದೆ. ಬಬಲೇಶ್ವರದ ಕಡೆ ಹೊರಟರೆ ಸಾರವಾಡದ ಹತ್ತಿರ ಡೋಣಿ ಅಡ್ಡ ಬರುತ್ತದೆ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಮಾತು ಈ ಸೀಮೆಯದು, ಆದರೆ ಅದರ ನೀರು ಸವುಳು. ಇನ್ನೂ ಮುಂದೆ ಮಮದಾಪುರದಲ್ಲಿ ಮಹಮದ್ ಆದಿಲ್‌ಶಾಹನ ಕಾಲದ ದೊಡ್ಡ ಕೆರೆ. ಪಡುವಣಕ್ಕೆ ಹಾಳುನಗರ, ತೆಂಕಣಕ್ಕೆ ಉಪ್ಪುನದಿ, ನಡುವೆ ನೆಲದಡಿಯ ಸುರಂಗಗಳು.

ಒಂದು ನಿಯಮ, ಬಿಡಿಬಿಡಿಯಾಗಿ

ಈಗ ನೀರಿನ ನಿಯಮ ಕಟ್ಟೋಣ. ಮೊದಲಿಗೆ ತೋಚುವುದು, ನೀರು ಹುಡುಕಿದ್ದಕ್ಕೆ ಅಂಕ. ಕೇಳಲು ಚೆನ್ನಾಗಿದೆ. ಆದರೆ ಜಾಣ ಆಟಗಾರ ಬಾವಿ ಹುಡುಕಿ, ಅಂಕ ತೆಗೆದುಕೊಂಡು, ಬಾವಿಗೆ ಕಾವಲು ಹಾಕಿ ಕೊಡಕ್ಕಿಷ್ಟು ಎಂದು ಮಾರಲು ಕೂರುತ್ತಾನೆ. ಅದೂ ಒಂದು ಕತೆಯೇ, ಆದರೆ ನಮಗೆ ಬೇಕಾದದ್ದಲ್ಲ. ಹಾಗಾಗಿ ತಿದ್ದಬೇಕು: ನೀರು ಜನರ ಕೊಡಕ್ಕೆ ಬಿದ್ದಾಗ ಮಾತ್ರ ಅಂಕ. ಸಿಕ್ಕಿದ್ದಕ್ಕಲ್ಲ, ತಲುಪಿದ್ದಕ್ಕೆ. ಅಂಕ ಇಡೀ ತಂಡಕ್ಕೆ ಸಮಪಾಲು, ಇಲ್ಲದಿದ್ದರೆ ತಂಡದೊಳಗೇ ಪೈಪೋಟಿ ಹುಟ್ಟುತ್ತದೆ.

ಇನ್ನೊಂದು ಕಿಂಡಿ ಉಳಿದಿದೆ. ಅದೇ ಸುರಂಗಕ್ಕೆ ಮತ್ತೆ ಹೂಳು ತುಂಬಿಸಿ ಮತ್ತೆ ತೆಗೆದರೆ? ಒಂದು ಊರಿಗೆ ಒಂದೇ ಸಲ ಅಂಕ ಎಂದು ಮುಚ್ಚಿಬಿಡಿ. ಹೊಸ ಅಂಕ ಬೇಕೆಂದರೆ ಹೊಸ ಊರಿಗೆ ನಡೆಯಬೇಕು. ಇಷ್ಟು ಮಾಡಿದರೆ ಆಟಗಾರರು ತಾವಾಗಿಯೇ ನಕಾಶೆ ಬಿಡಿಸಿಕೊಂಡು ಮುಂದಿನ ಊರು ಯಾವುದು, ಅಲ್ಲಿ ನೀರು ತಡೆದವರು ಯಾರು ಎಂದು ಚರ್ಚಿಸತೊಡಗುತ್ತಾರೆ.

ಬಾಯಾರಿಕೆಗೂ ನಿಯಮ ಬೇಕು. ಐದನೆಯ ಆವೃತ್ತಿಯ ಪುಸ್ತಕದಲ್ಲಿ ದಿನಕ್ಕೆ ತಲೆಗೆ ಒಂದು ಗ್ಯಾಲನ್, ಸೆಕೆಯಿದ್ದರೆ ಎರಡು ಎಂಬ ಲೆಕ್ಕವಿದೆ. ಬಹಳಷ್ಟು ಮೇಜುಗಳಲ್ಲಿ ಅದನ್ನು ಯಾರೂ ಬರೆದಿಡುವುದಿಲ್ಲ, ಲೆಕ್ಕ ಇಡುವುದೇ ಬೇಸರ. ಟಿಕೋಟಾದ ಒಣದ್ರಾಕ್ಷಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಪಾತ್ರದ ಮುಂದೆ ಮೂರು ದ್ರಾಕ್ಷಿ, ಅದೇ ಅವರ ಚರ್ಮದ ಚೀಲದ ನೀರು. ಬಿಸಿಲಿನಲ್ಲಿ ಒಂದು ದಿನದ ನಡಿಗೆಗೆ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳಬೇಕು. ಗೆಳೆಯನ ಪಾತ್ರ ಸೋತಾಗ ನಿಮ್ಮ ದ್ರಾಕ್ಷಿ ಅವನ ಕೈಗೆ ಇಡಬಹುದು. ಬರೆಯುವ ಕೆಲಸವಿಲ್ಲ. ಮುಂದೆ ಎಷ್ಟು ಉಳಿದಿದೆ ಎಂದು ಎಲ್ಲರಿಗೂ ಕಾಣುತ್ತಿರುತ್ತದೆ, ಕೊನೆಯ ದ್ರಾಕ್ಷಿ ಮುಟ್ಟಲು ಕೈ ಹಿಂಜರಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ಮಂತ್ರ ಇಡೀ ಆಟವನ್ನು ಕೆಡಿಸಬಲ್ಲದು. ಪುಸ್ತಕದಲ್ಲಿ ಮೊದಲ ಮೆಟ್ಟಿಲಿನ ಪೂಜಾರಿಗೇ ನೀರು ಸೃಷ್ಟಿಸುವ ಮಂತ್ರವಿದೆ, ಒಂದು ಸಲಕ್ಕೆ ಹತ್ತು ಗ್ಯಾಲನ್, ಅಂದರೆ ಸುಮಾರು 38 ಲೀಟರು. ಯುರೋಪಿನ ಕಾಡಿನಲ್ಲಿ ಆ ಮಂತ್ರ ಇದ್ದರೂ ಇಲ್ಲದಿದ್ದರೂ ಒಂದೇ. ಬರಗಾಲದ ವಿಜಯಪುರದಲ್ಲಿ ಅದನ್ನು ಹಾಗೇ ಬಿಟ್ಟರೆ ಸುರಂಗಕ್ಕೆ ಇಳಿಯುವ ಕಾರಣವೇ ಉಳಿಯದು. ಮಂತ್ರವನ್ನು ಪೂರ್ತಿ ತೆಗೆದುಹಾಕಿದರೆ ಆ ಪಾತ್ರ ಆರಿಸಿಕೊಂಡವರಿಗೆ ಅನ್ಯಾಯ. ತಿರುಗಿಸಿ ಕೊಡುವುದು ಮೇಲು: ಹೊಸ ನೀರು ಹುಟ್ಟಿಸಲಾಗದು, ಆದರೆ ಡೋಣಿಯ ಸವುಳು ನೀರನ್ನು ಸಿಹಿ ಮಾಡಬಹುದು. ಈಗ ಪೂಜಾರಿಯ ಪಾತ್ರಕ್ಕೆ ಬೆಲೆಯೂ ಉಳಿಯಿತು, ತಂಡ ನದಿಯ ತನಕ ನಡೆಯಲೇಬೇಕಾಯಿತು.

ಹೊಸ ನಿಯಮ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ತಾವು ಸೇರಿಸಿದ್ದನ್ನು ನೋಡುತ್ತಾರೆ, ಅದನ್ನು ಸದ್ದಿಲ್ಲದೆ ಅಳಿಸುವ ಹಳೆಯ ನಿಯಮ ಪುಸ್ತಕದ ಇನ್ಯಾವುದೋ ಪುಟದಲ್ಲಿ ಕೂತಿರುತ್ತದೆ. ನಿಯಮ ಬರೆಯುವ ಮೊದಲು ಆ ಪುಟ ಹುಡುಕಬೇಕು.

ಒಂದು ಬಿದ್ದರೆ ಕತ್ತಿ ಜಾರುವುದೇ?

ದಾಳದ ನಿಯಮಗಳಲ್ಲಿ ಅನಿಸಿಕೆಗೂ ಲೆಕ್ಕಕ್ಕೂ ಬಹಳ ಅಂತರ. ಜಗತ್ತಿನಾದ್ಯಂತ ಬಹು ಜನಪ್ರಿಯವಾದ ಒಂದು ಮನೆ ನಿಯಮ ನೋಡಿ: ಹೊಡೆಯುವಾಗ ದಾಳದಲ್ಲಿ 1 ಬಿದ್ದರೆ ಕತ್ತಿ ಕೈಜಾರಿ ಬೀಳುತ್ತದೆ. ರೋಚಕವಾಗಿದೆ, ಮೇಜಿನ ಸುತ್ತ ಗದ್ದಲವೇಳುತ್ತದೆ. 1 ಬೀಳುವ ಸಾಧ್ಯತೆ ಇಪ್ಪತ್ತರಲ್ಲಿ ಒಂದು, ಶೇ 5. ಅಷ್ಟೇ ತಾನೆ?

ಹೊಸಬ ಯೋಧ ಒಂದು ಸರದಿಯಲ್ಲಿ ಒಂದು ಸಲ ಹೊಡೆಯುತ್ತಾನೆ. ಆಟದ ಅತ್ಯುನ್ನತ ಮೆಟ್ಟಿಲು ಮುಟ್ಟಿದ ಯೋಧ ನಾಲ್ಕು ಸಲ. ನಾಲ್ಕರಲ್ಲಿ ಒಮ್ಮೆಯಾದರೂ 1 ಬೀಳುವ ಸಾಧ್ಯತೆ ಶೇ 18.5. ಹತ್ತು ಸರದಿಯ ಕಾಳಗದಲ್ಲಿ ಹೊಸಬ ಒಮ್ಮೆಯಾದರೂ ಕತ್ತಿ ಬೀಳಿಸುವ ಸಾಧ್ಯತೆ ಶೇ 40, ಮಹಾಯೋಧನದು ಶೇ 87. ಅಭ್ಯಾಸ ಹೆಚ್ಚಿದಷ್ಟೂ ಕತ್ತಿ ಹೆಚ್ಚು ಜಾರುತ್ತದೆ! ಈ ನಿಯಮ ಪ್ರೀತಿಸುವವರು ಸರದಿಯ ಮೊದಲ ಏಟಿಗೆ ಮಾತ್ರ ಅದನ್ನು ಹಚ್ಚಲಿ. ಆಗ ಹೊಸಬನಿಗೂ ಪಳಗಿದವನಿಗೂ ಅದು ಒಂದೇ ಆಗುತ್ತದೆ.

ನಮ್ಮ ಬಾಯಾರಿಕೆಯ ನಿಯಮವನ್ನೂ ಇದೇ ಒರೆಗೆ ಹಚ್ಚಬೇಕು. ನೀರು ಮುಗಿದ ಪಾತ್ರ ಎರಡು ದಾಳ ಎಸೆದು ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕು ಎಂದಿಟ್ಟುಕೊಳ್ಳಿ. 11 ಬೇಕಾದ ಕೆಲಸಕ್ಕೆ ಶೇ 50 ಇದ್ದ ಸಾಧ್ಯತೆ ಶೇ 25ಕ್ಕೆ ಇಳಿಯುತ್ತದೆ. ಅರ್ಧಕ್ಕರ್ಧ ಹೋಯಿತು. ಮೊದಲ ದಿನದ ಬಾಯಾರಿಕೆಗೆ ಇದು ಅತಿಯಾಯಿತು ಎನಿಸಿದರೆ ಬಿದ್ದ ಸಂಖ್ಯೆಯಲ್ಲಿ 2 ಕಳೆಯಿರಿ, ಶೇ 50 ಇದ್ದದ್ದು 40 ಆಗುತ್ತದೆ. ಎರಡನೆಯ ದಿನಕ್ಕೆ ಎರಡು ದಾಳದ ಶಿಕ್ಷೆ ಇರಲಿ. ಬಿಸಿಲು ಮೆಲ್ಲಗೆ ಹಿಂಡಬೇಕು, ಒಮ್ಮೆಲೇ ಕೊಲ್ಲಬಾರದು.

ಇಪ್ಪತ್ತು ಮುಖದ ದಾಳ ಸಿಗದಿದ್ದರೆ ಕವಡೆಯಲ್ಲೂ ಆಡಬಹುದು, ಆದರೆ ಆಟದ ಸ್ವಭಾವ ಬದಲಾಗುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ 1, 10, 20 ಎಲ್ಲಕ್ಕೂ ಸಮಾನ ಅವಕಾಶ. ನಾಲ್ಕು ಕವಡೆ ಚೆಲ್ಲಿದಾಗ ಹಾಗಲ್ಲ. ಬೋರಲು, ಅಂಗಾತ ಎರಡಕ್ಕೂ ಸರಿಸಮ ಅವಕಾಶ ಎಂದಿಟ್ಟುಕೊಂಡರೆ ಹದಿನಾರರಲ್ಲಿ ಆರು ಸಲ ಎರಡು ಬೀಳುತ್ತದೆ, ಚೌಕಾ ಒಂದು ಸಲ, ಬಾರಾ ಒಂದು ಸಲ. ನಡುವಿನದೇ ಹೆಚ್ಚು, ತುದಿಯದು ಅಪರೂಪ. ಪಳಗಿದ ಕೈಯ ಕೆಲಸಗಳಿಗೆ, ಉದಾಹರಣೆಗೆ ಸುರಂಗದ ಗೋಡೆ ತಟ್ಟಿ ನೀರಿನ ಸದ್ದು ಹಿಡಿಯುವುದಕ್ಕೆ, ಕವಡೆ ಚೆನ್ನಾಗಿ ಒಪ್ಪುತ್ತದೆ. ಕಾಳಗದ ಗೊಂದಲಕ್ಕೆ ದಾಳವೇ ಸರಿ. ನಿಜವಾದ ಕವಡೆಯ ಎರಡು ಮೈ ಒಂದೇ ತೂಕದ್ದಲ್ಲ. ನಿಮ್ಮ ಮನೆಯ ಕವಡೆಯನ್ನು ನೂರು ಸಲ ಚೆಲ್ಲಿ ಗುರುತು ಹಾಕಿಕೊಂಡೇ ನಿಯಮ ಬರೆಯಿರಿ.

ಗುಮ್ಮಟದ ಪಿಸುಮಾತು, ಬುರುಜಿನ ಫಿರಂಗಿ

ಎಲ್ಲ ನಿಯಮಕ್ಕೂ ಸಂಖ್ಯೆ ಬೇಕಿಲ್ಲ. 1656ರ ಹೊತ್ತಿಗೆ ಮುಗಿದ ಗೋಲಗುಂಬಜದ ಪಿಸುಗುಟ್ಟುವ ಮೊಗಸಾಲೆ ಶಾಲಾ ಪ್ರವಾಸಕ್ಕೆ ಹೋದ ಪ್ರತಿ ಮಗುವಿಗೂ ಗೊತ್ತು. ಈ ತುದಿಯಲ್ಲಿ ಗೋಡೆಗೆ ಬಾಯಿಟ್ಟು ಹೇಳಿದ್ದು ಆ ತುದಿಯಲ್ಲಿ ಕಿವಿಗೆ ಬೀಳುತ್ತದೆ. ಕತೆ ಗುಮ್ಮಟದೊಳಗೆ ನಡೆಯುತ್ತಿರುವಷ್ಟು ಹೊತ್ತು ಆಟಗಾರರು ಮೇಜಿನಲ್ಲಿ ಆಡಿದ ಪ್ರತಿ ಮಾತನ್ನೂ ಅವರ ಪಾತ್ರ ಆಡಿದಂತೆಯೇ ಲೆಕ್ಕ, ಶತ್ರುವಿಗೂ ಅದು ಕೇಳುತ್ತದೆ ಎಂದು ನಿಯಮ ಮಾಡಿ ನೋಡಿ. ಗಲಾಟೆ ಮಾಡುತ್ತಿದ್ದ ಐವರು ಕಣ್ಸನ್ನೆ, ಕೈಸನ್ನೆಗೆ ಇಳಿಯುತ್ತಾರೆ. ದಾಳ ಮುಟ್ಟದೆಯೇ ಕಟ್ಟಡ ಮೇಜಿಗೆ ಬರುತ್ತದೆ.

ಷೇರ್ಜಾ ಬುರುಜಿನ ಮಲಿಕ್-ಎ-ಮೈದಾನ್ ಫಿರಂಗಿಗೆ ಬೇರೆ ಬಗೆಯ ನಿಯಮ ಬೇಕು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬತ್ತಿಗೆ ಕಿಡಿ ಹಚ್ಚಿದವನು ಸದ್ದಿನಿಂದ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಎಂಬ ಕತೆ ಊರಲ್ಲಿದೆ. ಎಷ್ಟು ದಾಳದ ಪೆಟ್ಟು ಎಂದು ತಲೆಕೆಡಿಸಿಕೊಳ್ಳಬೇಡಿ, ಎದುರಿದ್ದದ್ದು ಧ್ವಂಸ ಎಂದು ಒಪ್ಪಿಬಿಡಿ. ಬದಲಿಗೆ ಕಿಡಿ ಹಚ್ಚಿದವನ ಪಾಡನ್ನು ನಿಯಮ ಮಾಡಿ. ತೊಟ್ಟಿಗೆ ಹಾರಲು ದಾಳ ಎಸೆಯಬೇಕು. ತಪ್ಪಿದರೆ ಆ ದಿನವೆಲ್ಲ ಅವನಿಗೆ ಏನೂ ಕೇಳಿಸುವುದಿಲ್ಲ, ಗೆಳೆಯರು ಹೇಳುವುದನ್ನು ಬರೆದೇ ತೋರಿಸಬೇಕು. ಬರದ ವರ್ಷವಾದರೆ ತೊಟ್ಟಿಯಲ್ಲಿ ನೀರೇ ಇರುವುದಿಲ್ಲ.

ಪಾತ್ರ ಯಾರು, ಶತ್ರು ಯಾರು

1974ರ ಪುಸ್ತಕದಲ್ಲಿ ಮೂರೇ ಬಗೆಯ ಪಾತ್ರ: ಕಾದಾಡುವವನು, ಮಂತ್ರ ಬಲ್ಲವನು, ಪೂಜಾರಿ. ವಿಜಯಪುರದ ಮೇಜಿಗೆ ಕಸುಬಿನಿಂದ ಪಾತ್ರ ಕಟ್ಟುವುದು ನನಗೆ ಹೆಚ್ಚು ಇಷ್ಟ. ಸುರಂಗ ತೋಡುವವಳು, ನೀರಗಂಟಿ, ಗೋಲಂದಾಜ, ಹಕೀಮ, ಬೀನ್ ನುಡಿಸುವವನು, ಎತ್ತಿನ ಮೇಲೆ ಧಾನ್ಯ ಸಾಗಿಸುವ ಲಂಬಾಣಿ ವ್ಯಾಪಾರಿ. ಇವರು ಒಬ್ಬರಿಲ್ಲದೆ ಒಬ್ಬರು ಮುಂದೆ ಹೋಗಲಾರರು.

ಮತವನ್ನು ಪಾತ್ರದ ಬಲವಾಗಿಯೋ ಶತ್ರುವಿನ ಗುರುತಾಗಿಯೋ ಮಾಡಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. 1565ರ ತಾಳಿಕೋಟೆ ಯುದ್ಧವನ್ನು ಒಂದು ಧರ್ಮ ಇನ್ನೊಂದನ್ನು ಹೊಡೆದ ಕತೆಯಾಗಿ ಮೇಜಿಗೆ ತಂದರೆ ಐವರು ಗೆಳೆಯರ ನಡುವೆ ಬೇಲಿ ಏಳುತ್ತದೆ, ಇತಿಹಾಸಕ್ಕೂ ಅದು ನ್ಯಾಯವಲ್ಲ. ‘ಕಿತಾಬ್-ಎ-ನವರಸ್’ ಬರೆದ ಎರಡನೆಯ ಇಬ್ರಾಹಿಂ ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ್ದಾನೆ, ಕಲಬುರಗಿಯ ಗೇಸುದರಾಜರನ್ನೂ ನೆನೆದಿದ್ದಾನೆ. ಆ ಊರಿನಲ್ಲಿ ಶತ್ರುವಾಗಲು ಬರವಿದೆ, ನೀರು ಬಚ್ಚಿಟ್ಟ ದಲ್ಲಾಳಿಯಿದ್ದಾನೆ, ಹೂಳಿನಡಿ ಮಲಗಿರುವ ಹೆಸರಿಲ್ಲದ ಪ್ರಾಣಿಯಿದೆ. ಸಾಲದೇ?

ಆಡಿಸುವವರ ಕೈ ಎಲ್ಲಿಯವರೆಗೆ

ಆಡಿಸುವವರ ಮಾತೇ ಕಡೆಯದು ಎಂಬುದು ಈ ಆಟದ ಹಳೆಯ ರೂಢಿ. ಆಟದ ನಡುವೆ ಅದು ಸರಿ. ವಾದ ಅರ್ಧ ತಾಸು ಎಳೆದರೆ ಕತೆ ಸತ್ತುಹೋಗುತ್ತದೆ. ಹೂಳಿಗೆ ಬಿದ್ದವನ ಪೆಟ್ಟು ಅರ್ಧ ಎಂದು ಅವರು ಹೇಳಿದರೆ ಆ ದಿನಕ್ಕೆ ಅದೇ. ಆದರೆ ಅದು ಶಾಶ್ವತ ನಿಯಮವಾಗಬೇಕಾದರೆ ಆಟ ಮುಗಿದ ಮೇಲೆ ಎಲ್ಲರೂ ಕೂತು ಒಪ್ಪಬೇಕು. ಒಬ್ಬರ ಪಾತ್ರ ಸಾಯುವ ಹೊತ್ತಿನಲ್ಲಿ ಹೊಸ ನಿಯಮ ತೆಗೆಯುವುದು ಮಾತ್ರ ಸಲ್ಲದು. ಚೌಕಾಬಾರಾದಲ್ಲಿ ಕಾಯಿ ಹಣ್ಣಾಗುವ ಹೊತ್ತಿಗೆ ‘ನಮ್ಮನ್ಯಾಗ ಹಂಗಿಲ್ಲ’ ಎಂದವರ ಜತೆ ಮರುದಿನ ಯಾರು ಆಡಿಯಾರು?

ನಿಯಮಗಳೆಲ್ಲ ಸೇರಿ ಒಂದು ಹಾಳೆ ಮೀರದಿರಲಿ. ಹೊಸದನ್ನು ಎರಡು ಮೂರು ವಾರ ಆಡಿ ನೋಡುವ ಷರತ್ತಿನ ಮೇಲೆ ಸೇರಿಸಿ, ಯಾರೂ ನೆನಪಿಸಿಕೊಳ್ಳದ ನಿಯಮವನ್ನು ಹೊಡೆದುಹಾಕಿ. ನೆನಪಿನಲ್ಲಿ ಉಳಿಯಲಿಲ್ಲ ಎಂದರೆ ಅದು ಆಟಕ್ಕೆ ಬೇಕಿರಲಿಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಬರೆದು ಹಂಚಿಕೊಳ್ಳುವ ದಾರಿಯೂ ಈಗ ಸಲೀಸಾಗಿದೆ. 2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು ಅದರ ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಮೂಲದ ಹೆಸರು ನಮೂದಿಸಿ ಅದನ್ನು ಅನುವಾದಿಸಬಹುದು, ತಿದ್ದಬಹುದು, ಅಚ್ಚು ಹಾಕಿ ಮಾರಲೂಬಹುದು. ಸುರಂಗ ಬಾವಡಿಯ ಒಂದು ಕನ್ನಡ ನಿಯಮಪುಸ್ತಕಕ್ಕೆ ಈಗ ಬೇಕಾಗಿರುವುದು ಬರೆಯುವ ಕೈ ಮಾತ್ರ.

ಬಾರದವರ ಪಾತ್ರ

ಯಾವ ಪುಸ್ತಕವೂ ಸರಿಯಾಗಿ ಹೇಳದ, ಆದರೆ ಪ್ರತಿ ಮೇಜಿಗೂ ಬೇಕಾದ ನಿಯಮ ಇನ್ನೊಂದಿದೆ. ಬಬಲೇಶ್ವರದ ಬಸ್ಸು ತಪ್ಪುತ್ತದೆ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಟಿಕೋಟಾದವಳು ಮನೆ ಬಿಟ್ಟು ಬರಲಾರಳು. ಪರೀಕ್ಷೆ ಬರುತ್ತದೆ, ಮದುವೆ ಬರುತ್ತದೆ. ಬಾರದವರ ಪಾತ್ರವನ್ನು ಬೇರೆಯವರು ಆಡಿಸಿ ಸಾಯಿಸಿದರೆ ಸ್ನೇಹವೇ ಮುರಿಯಬಹುದು. ನೀರಿನ ಆಟದಲ್ಲಿ ಇದಕ್ಕೆ ಸಹಜವಾದ ಉತ್ತರವಿದೆ. ಬಾರದವರ ಪಾತ್ರ ಆ ದಿನ ತಂಡದ ಹಿಂದೆ ಉಳಿದು, ತೆರೆದ ಬಾವಿಗೆ ಕಾವಲು ನಿಲ್ಲುತ್ತದೆ. ಅದಕ್ಕೆ ಯಾವ ಅಪಾಯವೂ ತಟ್ಟುವಂತಿಲ್ಲ. ಊರಿಗೆ ನೀರು ತಲುಪಿದರೆ ಅದರ ಪಾಲಿನ ಅಂಕವನ್ನು ಹಾಳೆಯಲ್ಲಿ ಬರೆದಿಡಬೇಕು, ಮುಂದಿನ ವಾರ ಬಂದಾಗ ಮೂರು ದ್ರಾಕ್ಷಿ ಪೂರ್ತಿ ಎಣಿಸಿ ಕೊಡಬೇಕು.